ಶಿವಗಂಗೆಯ ಮೆಟ್ಟಿಲುಗಳ ಮೇಲೆ

ರಜೆಯ ದಿನಗಳು ಸಮೀಪಿಸಿದಂತೆಲ್ಲ, ಮನೆಮಂದಿಯೆಲ್ಲ ಕೂಡಿ ಹೋಗಿಬರಬಹುದಾದ ಸ್ಥಳವೊಂದನ್ನು ಸೂಚಿಸಬೇಕೆಂದು ಕೇಳುವ ಪತ್ರಗಳು ಈ ಅಂಕಣಕ್ಕೆ ಬರತೊಡಗುತ್ತವೆ. ಕೂಡಲಸಂಗಮ, ಬಸವಕಲ್ಯಾಣ, ಉಳವಿ, ಶ್ರೀಶೈಲಗಳ ಹೆಸರು ಎಲ್ಲರ ಬಾಯಲ್ಲೂ ಇದೆ. ಅವುಗಳ ವಿಷಯವಾಗಿ ನಾವೂ ಹಿಂದೆ ಬರೆದುದುಂಟು. ಆದರೆ ಕೈಯಳತೆಯಲ್ಲಿರುವುದನ್ನು ಬಿಟ್ಟು ದೂರದ್ದನ್ನೇ ಹಂಬಲಿಸುವುದು ಮನುಷ್ಯಸ್ವಭಾವವೇನೋ. ಸೂಲಿಬೆಲೆಯಲ್ಲಿರುವ ನಮ್ಮ ಬಂಧುಗಳ ಮನೆಯವರು ಶ್ರೀಶೈಲಕ್ಕೆ ಮೂರು ಬಾರಿ ಹೋಗಿಬಂದಿದ್ದಾರೆ. ತಮ್ಮದೇ ಜಿಲ್ಲೆಯ ಪಡುವಣ ಅಂಚಿನಲ್ಲಿ, ನೆಲಮಂಗಲ ತಾಲೂಕಿನಲ್ಲಿರುವ ಶಿವಗಂಗೆಯನ್ನು ಮಾತ್ರ ಹಿರಿಯರೊಬ್ಬರನ್ನು ಬಿಟ್ಟು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಕಳೆದ ಚಳಿಗಾಲದಲ್ಲಿ ಅವರೊಡನೆ ನಾವು ಅಲ್ಲಿಗೆ ಹೋದೆವು. ಮಾರ್ಗದರ್ಶಿಗಳನ್ನು ಗೊತ್ತುಮಾಡಿಕೊಳ್ಳದೆ, ಒಂದು ಹಾಳೆಯಲ್ಲಿ ನೋಡಬೇಕಾದ ತಾಣಗಳನ್ನು ಬರೆದುಕೊಂಡು, ಬೆಟ್ಟದ ಕೆಳಗಿನ ಊರಿನಿಂದ ತುದಿಯವರೆಗೆ ನಡೆದು ನೋಡುವುದೆಂದು ನಿಶ್ಚಯವಾಗಿತ್ತು.

ಹೊರಡುವ ಹಿಂದಿನ ಸಂಜೆ ಜಗಲಿಯ ಮೇಲೆ ಒಂದು ಚರ್ಚೆಯೇ ನಡೆಯಿತು. ಆ ಮನೆಯ ಹಿರಿಯರಿಗೆ ಎಂಬತ್ತು ದಾಟಿದೆ. ಎರಡು ಹೊತ್ತಿನ ಲಿಂಗಪೂಜೆಯನ್ನು ಎಂದೂ ತಪ್ಪಿಸಿದವರಲ್ಲ. ಮಕ್ಕಳು ಚೀಲ ಕಟ್ಟುತ್ತಿದ್ದುದನ್ನು ನೋಡಿ ಅವರು ನಮ್ಮ ಕಡೆ ತಿರುಗಿ, “ಅಂಗೈಯಲ್ಲಿ ಲಿಂಗಯ್ಯ ಇರುವಾಗ ಬೆಟ್ಟದ ಮೇಲೆ ಯಾರನ್ನು ನೋಡೋಕ್ಕೆ ಹೋಗ್ತೀರಿ? ಪತ್ರಿಕೆಯಲ್ಲಿ ಬರೆಯೋರು ನೀವೇ ಹೀಗೆ ಹೊರಟರೆ ಹೇಗೆ?” ಎಂದರು. ಪ್ರಶ್ನೆ ನ್ಯಾಯವಾದದ್ದೇ. ತೀರ್ಥಕ್ಷೇತ್ರಗಳನ್ನು ಸುತ್ತುವುದರಿಂದಲೇ ಮುಕ್ತಿಯೆಂಬ ಭಾವನೆಯನ್ನು ಶರಣರು ಒಪ್ಪಲಿಲ್ಲವೆಂಬುದು ನಮ್ಮ ಓದುಗರಿಗೆ ತಿಳಿಯದ ಸಂಗತಿಯೇನಲ್ಲ. ಪುಣ್ಯ ಸಂಪಾದನೆಗಾಗಿ ಹೋಗುತ್ತಿಲ್ಲ, ಹಿಂದಿನವರು ಬದುಕಿದ, ಕಟ್ಟಿದ ಜಾಗವನ್ನು ಮಕ್ಕಳಿಗೆ ತೋರಿಸಲು ಹೋಗುತ್ತಿದ್ದೇವೆ ಎಂದು ನಾವು ಉತ್ತರ ಕೊಟ್ಟೆವು. ಅವರು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಬೆಳಗಿನ ಜಾವ ನೋಡಿದರೆ ಎಲ್ಲರಿಗಿಂತ ಮೊದಲು ಸ್ನಾನ, ಪೂಜೆ ಮುಗಿಸಿ, ಊರುಗೋಲು ಹಿಡಿದು ಕಾರಿನ ಬಳಿ ನಿಂತಿದ್ದರು!

ಸೂಲಿಬೆಲೆಯವರಿಗೆ ದಾರಿ ಹುಡುಕುವ ಶ್ರಮವಿಲ್ಲ. ಹೊಸಕೋಟೆಯಿಂದ ಸೂಲಿಬೆಲೆಯ ಮೇಲೆ ಹಾದು ದೇವನಹಳ್ಳಿ, ದೊಡ್ಡಬಳ್ಳಾಪುರಗಳನ್ನು ಮುಟ್ಟುವ ಹೆದ್ದಾರಿಯೇ ದಾಬಸ್‌ಪೇಟೆಗೆ ಕೊಂಡೊಯ್ಯುತ್ತದೆ. ಹಿಂದೆ ಇದಕ್ಕೆ ೨೦೭ ಎಂಬ ಸಂಖ್ಯೆಯಿತ್ತು, ಈಗ ೬೪೮ ಎನ್ನುತ್ತಾರೆ. ಒಟ್ಟು ಸುಮಾರು ೮೦ ಕಿಲೋಮೀಟರು. ದಾಬಸ್‌ಪೇಟೆಯಲ್ಲಿ ತುಮಕೂರು ರಸ್ತೆಯನ್ನು ದಾಟಿ ತೆಂಕಣಕ್ಕೆ ತಿರುಗಿದರೆ ಕೆಲವೇ ಮೈಲಿ.

ಬಯಲಿನ ನಡುವೆ ತಟ್ಟನೆ ಎದ್ದುನಿಂತಿರುವ ಈ ಬೆಟ್ಟ ಸಮುದ್ರಮಟ್ಟಕ್ಕಿಂತ ಸುಮಾರು ನಾಲ್ಕೂವರೆ ಸಾವಿರ ಅಡಿ ಎತ್ತರದಲ್ಲಿದೆ. ಪುರಾಣಗಳ ಕಕುದ್ಗಿರಿ ಇದೇ ಎನ್ನುತ್ತಾರೆ. ಮೂಡಣದಿಂದ ನೋಡಿದರೆ ನಂದಿ, ಪಡುವಣದಿಂದ ಗಣಪತಿ, ಬಡಗಣದಿಂದ ಸರ್ಪ, ತೆಂಕಣದಿಂದ ಲಿಂಗದ ಆಕಾರ ಕಾಣುವುದೆಂದು ಪ್ರತೀತಿ. ನಾವು ಬಡಗಣದಿಂದ ಬಂದವರು. ನಮ್ಮ ಕಣ್ಣಿಗೆ ಬೆಟ್ಟವೇ ಕಂಡಿತು. ಜೊತೆಯಲ್ಲಿದ್ದ ಒಂಬತ್ತು ವರ್ಷದ ಹುಡುಗಿಗೆ ಮಾತ್ರ ಹಾವಿನ ಹೆಡೆ ಸ್ಪಷ್ಟವಾಗಿ ಕಂಡಿತಂತೆ.

ಇಲ್ಲಿಗೆ ಬರುವ ಬಹುಮಂದಿ ವಾಹನ ನಿಲ್ಲಿಸಿದ ಕೂಡಲೇ ಮೆಟ್ಟಿಲಿಗೆ ಧಾವಿಸುತ್ತಾರೆ. ತುದಿ ಮುಟ್ಟಿ, ಚಿತ್ರ ತೆಗೆಸಿಕೊಂಡು, ಇಳಿದು ಹೊರಟುಹೋಗುತ್ತಾರೆ. ನಮ್ಮ ವಿನಂತಿಯೆಂದರೆ, ಮೊದಲ ಒಂದು ಗಂಟೆಯನ್ನು ಕೆಳಗಿನ ಊರಿಗೇ ಮೀಸಲಿಡಿರಿ. ಶಿವಗಂಗೆಯೆಂಬುದು ಬರಿಯ ಬೆಟ್ಟವಲ್ಲ, ಬೆಟ್ಟದ ಮಡಿಲಿಗೆ ಒರಗಿಕೊಂಡು ಬೆಳೆದ ಒಂದು ಊರು. ಬಂಡೆ ಎಲ್ಲಿ ಜಾಗ ಬಿಟ್ಟಿತೋ ಅಲ್ಲಿ ಮನೆಯಾಗಿದೆ, ಎಲ್ಲಿ ತಡೆಯಿತೋ ಅಲ್ಲಿ ಓಣಿ ತಿರುಗಿದೆ. ಹಳೆಯ ಮನೆಗಳ ಮುಂದೆ ಇನ್ನೂ ಕಲ್ಲಿನ ಜಗಲಿಗಳುಂಟು. ಅಂಗಡಿಗಳ ತಗಡಿನ ಮರೆಯಲ್ಲಿ ಕಲ್ಲುಕಂಬದ ಸಾಲುಗಳು ಇಣುಕುತ್ತವೆ. ಬೆಳಗಿನ ಏಳು ಗಂಟೆಗೆ ಬೀದಿಯಲ್ಲಿ ಸಾರಣೆ, ರಂಗವಲ್ಲಿ ನಡೆದಿರುತ್ತದೆ. ಹೂವು, ಸೌತೆಕಾಯಿ, ಕಡಲೆಪುರಿಯ ಬುಟ್ಟಿಗಳು ಆಗತಾನೆ ತೆರೆಯುತ್ತಿರುತ್ತವೆ. ಆ ಹೊತ್ತಿನಲ್ಲಿ ನಿಧಾನವಾಗಿ ನಡೆದರೆ ಊರಿನವರೇ ಮಾತಿಗೆ ಸಿಗುತ್ತಾರೆ. ಹತ್ತು ಗಂಟೆಯ ಮೇಲಾದರೆ ಅವರಿಗೆ ವ್ಯಾಪಾರ, ನಮಗೆ ಬಿಸಿಲು.

ಈ ಒಂದೇ ಊರಿನಲ್ಲಿ ನಮ್ಮ ವೀರಶೈವ ಪರಂಪರೆಯ ಮೇಲಣಗವಿ ಮಠವೂ ಇದೆ, ಶೃಂಗೇರಿಯ ಪರಂಪರೆಗೆ ಸಂಬಂಧಿಸಿದ ಶಾರದಾ ಪೀಠದ ಮಠವೂ ಇದೆ. ‘ಮೇಲಣ ಗವಿ’ ಎಂಬ ಹೆಸರೇ ಆ ಮಠದ ಚರಿತ್ರೆಯನ್ನು ಸೂಚಿಸುತ್ತದೆ. ಬೆಟ್ಟದ ಮೇಲಿನ ಗವಿಯಲ್ಲಿ ತಪೋನಿರತರಾಗಿದ್ದವರ ನೆನಪು ಆ ಎರಡು ಪದಗಳಲ್ಲಿ ಉಳಿದಿದೆ. ಈ ಸೀಮೆಯೇ ಅಂಥದು. ಪಡುವಣಕ್ಕೆ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆ, ವಾಯವ್ಯಕ್ಕೆ ಕ್ಯಾತಸಂದ್ರದ ಬಳಿ ಗೋಸಲ ಸಿದ್ಧೇಶ್ವರರ ನೆನಪಿನ ಸಿದ್ಧಗಂಗೆ, ಮಾಗಡಿಯ ಕಡೆ ಪಾಲ್ಕುರಿಕೆ ಸೋಮನಾಥನು ಐಕ್ಯನಾದನೆಂದು ಹೇಳುವ ಕಲ್ಯ. ೨೦೧೯ರಲ್ಲಿ ಲಿಂಗೈಕ್ಯರಾದ ಪರಮಪೂಜ್ಯ ಶಿವಕುಮಾರ ಸ್ವಾಮಿಗಳು ೧೯೦೭ರಲ್ಲಿ ಜನಿಸಿದ ವೀರಾಪುರವೂ ಅದೇ ಮಾಗಡಿ ತಾಲೂಕಿನ ಗ್ರಾಮ. ಶಿವಗಂಗೆಯ ಬೀದಿಯಲ್ಲಿ ನಿಂತು ಮಕ್ಕಳಿಗೆ ಈ ದಿಕ್ಕುಗಳನ್ನು ಬೆರಳುಮಾಡಿ ತೋರಿಸುವುದು ಒಂದು ಒಳ್ಳೆಯ ಪಾಠ.

ಊರಿನ ಕಲ್ಯಾಣಿಯನ್ನೂ ನೋಡದೆ ಮುಂದೆ ಹೋಗಬಾರದು. ನೀರೇ ಈ ಬೆಟ್ಟದ ನಿಜವಾದ ಐಶ್ವರ್ಯ. ಪಾತಾಳಗಂಗೆ, ಒಳಕಲ್ಲುತೀರ್ಥ, ಅಗಸ್ತ್ಯತೀರ್ಥ ಎಂದು ಇಲ್ಲಿ ತಾಣ ತಾಣಕ್ಕೂ ನೀರಿನ ಹೆಸರೇ. ಕುಮುದ್ವತಿ ನದಿ ಹುಟ್ಟುವುದೂ ಈ ಬೆಟ್ಟದಲ್ಲಿಯೇ. ನೆಲಮಂಗಲದ ಸೀಮೆಯನ್ನು ಹಾದು ಅದು ತಿಪ್ಪಗೊಂಡನಹಳ್ಳಿಯ ಬಳಿ ಅರ್ಕಾವತಿಯನ್ನು ಕೂಡುತ್ತದೆ. ೧೯೩೦ರ ದಶಕದಲ್ಲಿ ಅಲ್ಲಿ ಜಲಾಶಯ ಕಟ್ಟಿದ ಮೇಲೆ ಬೆಂಗಳೂರಿನ ಎಷ್ಟೋ ಮನೆಗಳು ಈ ನೀರನ್ನು ಕುಡಿದುವು. ಇಂದು ಕುಮುದ್ವತಿಯ ಪಾತ್ರದಲ್ಲಿ ವರ್ಷದ ಹೆಚ್ಚು ಕಾಲ ನೀರಿಗಿಂತ ಮರಳು, ಮುಳ್ಳುಗಿಡಗಳೇ ಕಾಣುತ್ತವೆ. ಮಂಟಪದ ಮೂಲೆಗಳಲ್ಲಿ ತುಂಬಿರುವ ಪ್ಲಾಸ್ಟಿಕ್ ಬಾಟಲುಗಳನ್ನು ಕಂಡು ನಾವು ತಂದಿದ್ದ ಚೀಲವೊಂದು ಕೆಳಗೇ ತುಂಬಿಹೋಯಿತು. ಯಾರನ್ನು ದೂರೋಣ? ಅವುಗಳನ್ನು ಎಸೆದವರೆಲ್ಲ ಭಕ್ತರೇ.

ಊರಿನಿಂದ ಮೆಟ್ಟಿಲೇರಿದರೆ ಮೊದಲು ಸಿಗುವುದು ಗಂಗಾಧರೇಶ್ವರ, ಹೊನ್ನಾದೇವಿಯರ ಗುಡಿಗಳು. ಎರಡೂ ಸಹಜವಾದ ಗವಿಗಳನ್ನೇ ಗರ್ಭಗುಡಿಯಾಗಿ ಮಾಡಿಕೊಂಡು ಬೆಳೆದವು. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಬಂಡೆಯ ತಂಪು ಮೈಗೆ ತಾಗುತ್ತದೆ. ಅಭಿಷೇಕದ ತುಪ್ಪವನ್ನು ಲಿಂಗಕ್ಕೆ ಸವರಿದರೆ ಬೆಣ್ಣೆಯಾಗುವುದೆಂಬ ಖ್ಯಾತಿಯನ್ನು ಎಲ್ಲರೂ ಕೇಳಿದ್ದೀರಿ, ಅದನ್ನು ಇಲ್ಲಿ ಬೆಳೆಸುವುದಿಲ್ಲ. ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಕೆಂಪೇಗೌಡರ ಲೋಹವಿಗ್ರಹ. ಬೆಂಗಳೂರನ್ನು ಕಟ್ಟಿದ ಹಿರಿಯ ಕೆಂಪೇಗೌಡರು ೧೫೬೯ರಲ್ಲಿ ಕಾಲವಾದರು. ಅವರ ಪ್ರತಿಮೆ ಈ ಗುಡಿಯಲ್ಲಿ ಸ್ಥಾಪಿತವಾದದ್ದು ೧೬೦೯ರಲ್ಲಿ. ಇಂದು ನಗರದಲ್ಲಿ ಅವರ ಆಕೃತಿಗಳು ಆಕಾಶದೆತ್ತರಕ್ಕೆ ನಿಂತಿವೆ. ಇಲ್ಲಿ ಅವರು ಕೈಮುಗಿದ ಭಕ್ತರಲ್ಲೊಬ್ಬರು.

ಮಕರ ಸಂಕ್ರಾಂತಿಯ ಬೆಳಗಿನ ಜಾವ ಬೆಟ್ಟದ ತುದಿಯಲ್ಲಿರುವ ಕಂಬವೊಂದರ ಬುಡದಲ್ಲಿ ನೀರು ಜಿನುಗುವುದೆಂದೂ, ಆ ನೀರಿನಿಂದಲೇ ಸ್ವಾಮಿಯ ಕಲ್ಯಾಣೋತ್ಸವ ನಡೆಯುವುದೆಂದೂ ಬಹುಕಾಲದಿಂದ ಬಂದ ನಂಬಿಕೆ. ಬಿ.ಎಲ್. ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ದಾಖಲಿಸಿ, ಅರ್ಧ ನೀರು ದೇವರಿಗೆ, ಇನ್ನರ್ಧ ಮೈಸೂರಿನ ಅರಮನೆಗೆ ಹೋಗುತ್ತಿತ್ತೆಂದು ಬರೆದಿದ್ದಾರೆ. ಅವರೇ ಹೇಳುವ ಇನ್ನೊಂದು ಮಾತು ನಮಗೆ ಬಹಳ ಹಿಡಿಸಿತು. ಇಲ್ಲಿಂದ ಕಾಶಿಗೆ ಎಷ್ಟು ಯೋಜನಗಳೋ ಈ ಬೆಟ್ಟಕ್ಕೆ ಅಷ್ಟು ಮೆಟ್ಟಿಲುಗಳೆಂದು ಜನ ಎಣಿಸುತ್ತಿದ್ದರಂತೆ. ಎತ್ತು, ಹೊಲ, ಸಾಲ ಬಿಟ್ಟು ಎಲ್ಲಿಗೂ ಹೋಗಲಾರದ ಒಕ್ಕಲಿಗನೂ ಕೂಲಿಯೂ ಒಂದೇ ದಿನದಲ್ಲಿ ಕಾಶಿಯಾತ್ರೆ ಮುಗಿಸಿಕೊಳ್ಳಲು ಯಾರೋ ಪುಣ್ಯಾತ್ಮರು ಮಾಡಿಕೊಟ್ಟ ಲೆಕ್ಕವಿದು. ನಮ್ಮ ಜೊತೆಯ ಅಣ್ಣತಂಗಿಯರಿಬ್ಬರೂ ಪಣತೊಟ್ಟು ಮೆಟ್ಟಿಲೆಣಿಸಲು ಹೊರಟರು. ಅರ್ಧ ದಾರಿಯಲ್ಲೇ ಇಬ್ಬರ ಲೆಕ್ಕಕ್ಕೂ ಮೂವತ್ತಕ್ಕೆ ಮಿಕ್ಕಿದ ಅಂತರ ಬಿದ್ದು ಜಗಳವಾಯಿತು.

ಹೊನ್ನಾದೇವಿಯ ಗುಡಿಯನ್ನು ದಾಟಿ ಸ್ವಲ್ಪ ಏರುವಷ್ಟರಲ್ಲಿ ಹಿರಿಯರು ನಿಂತುಬಿಟ್ಟರು. ದಾರಿಬದಿಯ ಕಲ್ಲುಮಂಟಪಗಳನ್ನು ಒಂದೊಂದಾಗಿ ದಿಟ್ಟಿಸುತ್ತ, ಕಂಬಗಳನ್ನು ಕೈಯಿಂದ ತಡವುತ್ತ ಬರುತ್ತಿದ್ದರು. ಏನು ಹುಡುಕುತ್ತಿದ್ದೀರೆಂದು ಕೇಳಿದಾಗ ಸಂಗತಿ ಹೊರಬಂತು. ಅವರ ತಾತನ ಕಾಲದಲ್ಲಿ ಸಂಕ್ರಾಂತಿಯ ಜಾತ್ರೆಗೆ ಸೂಲಿಬೆಲೆಯ ಕಡೆಯಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ದಾರಿಯಲ್ಲಿ ಎರಡು ರಾತ್ರಿ ತಂಗಬೇಕಾಗಿತ್ತು. ಬರುವಾಗ ಬೆಲ್ಲದ ಅಚ್ಚುಗಳನ್ನೂ ಹಂಡೆಯನ್ನೂ ತಂದು, ಈ ಮೆಟ್ಟಿಲ ಸಾಲಿನ ಮಂಟಪವೊಂದರಲ್ಲಿ ಮೂರು ದಿನ ಅರವಟ್ಟಿಗೆ ಇಟ್ಟು, ಏರುವವರಿಗೂ ಇಳಿಯುವವರಿಗೂ ಪಾನಕ ಹಂಚುತ್ತಿದ್ದರು. ಯಾವ ಜಾತಿ, ಯಾವ ಊರು ಎಂದು ಕೇಳುತ್ತಿರಲಿಲ್ಲ. ಇವರು ಆರೇಳು ವರ್ಷದ ಹುಡುಗನಾಗಿದ್ದಾಗ ಒಮ್ಮೆ ಬಂದು ಸೌಟು ಹಿಡಿದು ನಿಂತಿದ್ದ ನೆನಪು. ಆಮೇಲೆ ತಾತ ತೀರಿಕೊಂಡರು, ಪಾಲಾಯಿತು, ಆ ಪದ್ಧತಿ ನಿಂತುಹೋಯಿತು. ಹಿಂದಿನ ಸಂಜೆ ಬೆಟ್ಟದ ಮೇಲೆ ಯಾರನ್ನು ನೋಡಬೇಕೆಂದು ಕೇಳಿದ್ದ ಹಿರಿಯರು ಈಗ ನೋಡಲು ಬಂದಿದ್ದುದು ಆ ಮಂಟಪವನ್ನು.

ಅದು ಸಿಗಲಿಲ್ಲ. ನಾಲ್ಕು ಮಂಟಪಗಳನ್ನು ನೋಡಿದೆವು. ಒಂದರಲ್ಲಿ ಅಂಗಡಿಯಿತ್ತು, ಒಂದರ ಚಾವಣಿಯ ಚಪ್ಪಡಿ ಜಾರಿತ್ತು, ಇನ್ನೊಂದರ ಕಂಬಗಳ ಮೇಲೆ ಪ್ರೇಮಿಗಳ ಹೆಸರುಗಳನ್ನು ಬಣ್ಣದಲ್ಲಿ ಬರೆದಿದ್ದರು. ಅರಸರು ಕೊಟ್ಟ ದತ್ತಿಗೆ ಶಾಸನವುಂಟು. ಪಾನಕ ಕೊಟ್ಟವರಿಗೆ ಯಾರು ಶಾಸನ ಬರೆಸುತ್ತಾರೆ? ಕೊನೆಗೆ, “ಇದೇ ಇರಬಹುದು, ಇಲ್ಲದಿದ್ದರೂ ಇರಲಿ” ಎಂದು ಅವರು ನೆರಳಿದ್ದ ಒಂದು ಮಂಟಪದಲ್ಲಿ ಕುಳಿತರು. ಮುಂದಿನ ಏರು ಅವರ ಮೊಣಕಾಲಿಗೆ ಆಗದ ಕೆಲಸ. ನಮ್ಮ ಅನುಭವದಲ್ಲಿ ವಯಸ್ಸಾದವರನ್ನು ಒತ್ತಾಯಪಡಿಸಿ ಮೇಲೆ ಕರೆದೊಯ್ಯುವುದಕ್ಕಿಂತ, ಊರು, ಕಲ್ಯಾಣಿ, ಮಠ, ಎರಡು ಗುಡಿಗಳು ಇಷ್ಟನ್ನೇ ಪೂರ್ಣ ಯಾತ್ರೆಯೆಂದು ಭಾವಿಸುವುದು ಮೇಲು. ಉಳಿದವರಿಗೆ ತುದಿಯವರೆಗೆ ಎರಡು, ಎರಡೂವರೆ ಗಂಟೆ ಹಿಡಿಯುತ್ತದೆ. ಮಳೆಯ ದಿನಗಳಲ್ಲಿ ಬಂಡೆ ಜಾರುವುದರಿಂದ ಹೋಗಕೂಡದು. ಕೋತಿಗಳ ಮುಂದೆ ತಿಂಡಿಯ ಪೊಟ್ಟಣ ಬಿಚ್ಚಬಾರದು. ಇದನ್ನು ನಾವು ಒಂದು ಡಬ್ಬಿ ಚಿತ್ರಾನ್ನದ ಬೆಲೆ ತೆತ್ತು ಕಲಿತೆವು.

ಒಳಕಲ್ಲುತೀರ್ಥದಲ್ಲಿ ನಡೆದುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಂಡೆಯ ನೆಲದಲ್ಲಿ ಒರಳಿನಂತಹ ಒಂದು ಕುಳಿ. ತೋಳನ್ನು ಇಳಿಬಿಟ್ಟರೆ ಆಳದಲ್ಲಿ ಬೆರಳಿಗೆ ನೀರು ತಗಲುತ್ತದೆ. ಪುಣ್ಯವಂತರಿಗೆ ಮಾತ್ರ ಸಿಗುವುದೆಂದು ಹೇಳಿಕೆ. ಮಕ್ಕಳ ತಾಯಿಗೆ ಸಿಕ್ಕಿತು, ಹುಡುಗನಿಗೂ ಸಿಕ್ಕಿತು. ಹುಡುಗಿ ಬಂಡೆಗೆ ಕೆನ್ನೆಯೊತ್ತಿ, ಭುಜದವರೆಗೂ ತೋಳು ಇಳಿಸಿ ತಡಕಾಡಿದಳು. ಸಿಗಲಿಲ್ಲ. ಸರದಿಯಲ್ಲಿ ನಿಂತಿದ್ದವರಲ್ಲಿ ಯಾರೋ, “ಪಾಪ ಮಾಡಿದ್ದರೆ ಸಿಗಲ್ಲ, ಏಳಮ್ಮಾ” ಎಂದು ನಗುತ್ತ ಅಂದರು. ತಮಾಷೆಗೆ ಆಡಿದ ಮಾತೇ ಇರಬಹುದು. ಆದರೆ ಹುಡುಗಿಯ ಮುಖ ಕಪ್ಪಿಟ್ಟಿತು. ಹೊರಗೆ ಬಂದು ತಾಯಿಯ ಸೆರಗು ಹಿಡಿದು, “ಅಮ್ಮ, ನಾನೇನು ತಪ್ಪು ಮಾಡಿದೀನಿ?” ಎಂದು ಅಳತೊಡಗಿದಳು. ಅಣ್ಣ ಸಮಾಧಾನ ಹೇಳುವ ಬದಲು ಹಳೆಯ ತಪ್ಪುಗಳ ಪಟ್ಟಿ ಹೇಳಲು ಆರಂಭಿಸಿದನು.

ಹುಟ್ಟಿನಿಂದ ಯಾರೂ ಮೇಲಲ್ಲ, ಕೀಳಲ್ಲ ಎಂದು ಸಾರಿದ ಧರ್ಮದ ಮನೆಯಲ್ಲಿ ಹುಟ್ಟಿದ ಮಗು, ಒಂಬತ್ತನೆಯ ವಯಸ್ಸಿಗೇ ತಾನು ಪಾಪಿಯೆಂದು ಬಂಡೆಯೊಂದರ ಬಾಯಿಂದ ತೀರ್ಪು ಪಡೆದುಕೊಂಡು ಹೋಗಬೇಕೆ? ನಮಗೆ ಸುಮ್ಮನಿರಲಾಗಲಿಲ್ಲ. ಸರದಿ ಕರಗಿದ ಮೇಲೆ ಆಕೆಯನ್ನು ಮತ್ತೆ ಒಳಗೆ ಕರೆದೊಯ್ದು, ಹೆಗಲ ಮೇಲಿದ್ದ ಟವೆಲನ್ನು ಸುರುಳಿ ಮಾಡಿ ಅವಳ ಕೈಯಿಂದಲೇ ಕುಳಿಯೊಳಕ್ಕೆ ಇಳಿಬಿಡಿಸಿದೆವು. ಮೇಲೆತ್ತಿದಾಗ ತುದಿ ಒದ್ದೆಯಾಗಿತ್ತು. ಆಮೇಲೆ ಅಣ್ಣನ ತೋಳಿನ ಪಕ್ಕಕ್ಕೆ ಅವಳ ತೋಳನ್ನಿಟ್ಟು ನೋಡಿದರೆ ನಾಲ್ಕು ಬೆರಳು ಗಿಡ್ಡ. ಮಳೆಗಾಲ ಕಳೆದು ತಿಂಗಳುಗಳಾದಂತೆ ನೀರು ಕೆಳಗಿಳಿದಿರಬಹುದು, ತೋಳು ಇನ್ನೂ ಬೆಳೆಯಬೇಕಾಗಿದೆ, ಅಷ್ಟೇ ಎಂದೆವು. ಅವಳು ಒದ್ದೆ ಟವೆಲನ್ನು ನೋಡಿ, “ಹಾಗಾದರೆ ಟವೆಲಿಗೆ ಪುಣ್ಯ ಇದೆಯಾ?” ಎಂದು ಕೇಳಿದಳು. ಕೇಳಿ ತಾನೇ ನಕ್ಕಳು. ಮಕ್ಕಳೊಡನೆ ಹೋಗುವ ತಂದೆತಾಯಿಗಳು ಕುಳಿಗೆ ಕೈಯಿಡಿಸುವ ಮೊದಲೇ ಈ ಮಾತನ್ನು ಹೇಳಿಟ್ಟರೆ ಒಳಿತು.

ಅಲ್ಲಿಂದ ಮುಂದೆ ಬೆಟ್ಟ ಕಡಿದಾಗುತ್ತದೆ. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು, ಹಿಡಿದುಕೊಳ್ಳಲು ಕಬ್ಬಿಣದ ಕಂಬಿಗಳು. ತುದಿಯ ಸಮೀಪದಲ್ಲಿ ಒಂಟಿ ಬಂಡೆಯ ನೆತ್ತಿಯಲ್ಲಿ ಬಸವಣ್ಣ. ಕಲ್ಲನ್ನು ಅಲ್ಲಿಗೆ ಸಾಗಿಸಿ ತಂದದ್ದಲ್ಲ, ಇದ್ದ ಕಲ್ಲನ್ನೇ ಕಡಿದು ನಂದಿಯಾಗಿಸಿದ್ದು. ಆ ಪ್ರಪಾತದ ಅಂಚಿನಲ್ಲಿ ಉಳಿ ಹಿಡಿದು ಕುಳಿತವನ ಹೆಸರನ್ನೂ ಯಾರೂ ಬರೆದಿಟ್ಟಿಲ್ಲ. ಸುತ್ತು ಬರುವ ಜಾಗ ಇಕ್ಕಟ್ಟು. ಗಾಳಿ ಬಲವಾಗಿರುವಾಗ ದೂರದಿಂದಲೇ ಕೈಮುಗಿದರೆ ಸಾಕು.

ತುದಿಯಲ್ಲಿ ಎಲ್ಲರೂ ಕೇಳುವುದು ಶಾಂತಲೆ ಬಿದ್ದ ಜಾಗವನ್ನು. ಅಲ್ಲಿ ಕಥೆ ಹೇಳುವವರಿಗೆ ಕೊರತೆಯಿಲ್ಲ. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಮಕ್ಕಳಿಲ್ಲದ ಕೊರಗಿನಿಂದ ಇಲ್ಲಿಂದ ಧುಮುಕಿದಳೆಂದು ಒಬ್ಬರು, ಸವತಿಗೆ ದಾರಿ ಬಿಟ್ಟುಕೊಡಲೆಂದು ಇನ್ನೊಬ್ಬರು. ನಮ್ಮ ಗುಂಪಿನ ಪಕ್ಕದಲ್ಲಿ ನಿಂತಿದ್ದ ತರುಣಿಯರಿಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ಶ್ರವಣಬೆಳಗೊಳದ ಶಾಸನ ಹೇಳುವುದಾದರೂ ಏನು? ಕ್ರಿ.ಶ. ೧೧೩೧ರ ಚೈತ್ರ ಶುದ್ಧ ಪಂಚಮಿ, ಸೋಮವಾರ, ಶಾಂತಲದೇವಿ ಶಿವಗಂಗೆಯ ತೀರ್ಥದಲ್ಲಿ ಮುಡಿಪಿ ಸ್ವರ್ಗಸ್ಥಳಾದಳು. ಮಗಳ ಅಗಲಿಕೆಯನ್ನು ಸಹಿಸದ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಒಂದು ತಿಂಗಳು ಉಪವಾಸವಿದ್ದು ಸಲ್ಲೇಖನದಿಂದ ದೇಹ ಬಿಟ್ಟಳು. ಧುಮುಕಿದ ಮಾತು ಅಲ್ಲಿಲ್ಲ. ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನಳು, ಗಂಡ ವಿಷ್ಣುಭಕ್ತ. ೧೧೧೭ರಲ್ಲಿ ಬೇಲೂರಿನ ಚೆನ್ನಕೇಶವ ಗುಡಿಯ ಜೊತೆಗೆ ಕಪ್ಪೆಚೆನ್ನಿಗರಾಯನ ಗುಡಿಯನ್ನು ಕಟ್ಟಿಸಿ, ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಎತ್ತಿಸಿದ ಆ ಹೆಣ್ಣುಮಗಳು ಕೊನೆಯ ದಿನಗಳಲ್ಲಿ ಬಂದು ತಂಗಿದ್ದುದು ಈ ಶೈವಕ್ಷೇತ್ರದಲ್ಲಿ. ಅಂಥ ತುಂಬುಬಾಳನ್ನು ಬಂಡೆಯಿಂದ ಹಾರಿದ ಒಂದು ಗಳಿಗೆಗೆ ಇಳಿಸುವುದು ಅನ್ಯಾಯವೆಂದು ನಮಗೆ ತೋರುತ್ತದೆ. ಹೆಣ್ಣುಮಕ್ಕಳು ಕೇಳುತ್ತಿರುವಾಗ ಆ ಕಥೆಯನ್ನು ರಂಜಿಸಿ ಹೇಳುವವರು ಸ್ವಲ್ಪ ಯೋಚಿಸಬೇಕು. ಮಾರ್ಗದರ್ಶಿಯಿಲ್ಲದೆ ನಡೆಯುವುದರ ಲಾಭವೂ ಇದೇ. ಕೇಳಿದ್ದನ್ನು ಮನೆಗೆ ಬಂದು ಪುಸ್ತಕದಲ್ಲಿ ಹುಡುಕುವ ಜವಾಬ್ದಾರಿ ನಮ್ಮ ಮೇಲೆಯೇ ಬೀಳುತ್ತದೆ.

ಇಳಿಯುವಾಗ ಬಿಸಿಲೇರಿತ್ತು. ಬರಿಗಾಲಿನಲ್ಲಿ ಹತ್ತಿದ್ದ ನಮಗೆ ಬಂಡೆ ಕಾದ ಹೆಂಚಿನಂತೆ ಸುಡುತ್ತಿತ್ತು. ಬಾಯಾರಿ, ಹಿರಿಯರನ್ನು ಬಿಟ್ಟುಹೋಗಿದ್ದ ಮಂಟಪಕ್ಕೆ ಬರುವಷ್ಟರಲ್ಲಿ ಅಲ್ಲಿ ಹತ್ತಿಪ್ಪತ್ತು ಜನ ಗುಂಪುಗೂಡಿದ್ದರು. ಏನೋ ಅನಾಹುತವಾಯಿತೆಂದು ಹೆದರಿ ಓಡಿದೆವು. ನೋಡಿದರೆ, ಪಕ್ಕದಲ್ಲಿ ನೀರುಮಜ್ಜಿಗೆ ಮಾರುತ್ತಿದ್ದ ಹೆಂಗಸಿನಿಂದ ಹಿರಿಯರು ಇಡೀ ಕೊಳದಪ್ಪಲೆಯನ್ನೇ ಕೊಂಡು, ಅವಳ ಸೌಟನ್ನೇ ಇಸಿದುಕೊಂಡು, ಹತ್ತಿಬರುವವರಿಗೆಲ್ಲ ಲೋಟ ತುಂಬಿ ಕೊಡುತ್ತಿದ್ದರು. ಆ ಹೆಂಗಸು ಲೋಟ ತೊಳೆದುಕೊಡುವ ಕೆಲಸಕ್ಕೆ ನಿಂತಿದ್ದಳು. ನಮ್ಮನ್ನು ಕಂಡು ಹಿರಿಯರು ಕೊಳದಪ್ಪಲೆಯನ್ನು ಓರೆ ಮಾಡಿ ನೋಡಿ, “ನೀವು ತಡ ಮಾಡಿದಿರಿ, ಖಾಲಿಯಾಯ್ತು” ಎಂದರು. ಹುಡುಗಿಗಾಗಿ ಮಾತ್ರ ಒಂದು ಲೋಟ ಬೇರೆ ಎತ್ತಿಟ್ಟಿದ್ದರು.